ಕಿಟಕಿ ಕಟ್ಟೆಯ ಮೇಲಿನ ತುಂಡು

ಮ್ಯಾಸಚೂಸೆಟ್ಸಿನ ಆ ಕಡಲೂರಿನಲ್ಲಿ ಸೂಲಗಿತ್ತಿ ಕೆಜಿಯಾ ಪೆಲ್ ಕೈಗೆ ಬೀಳದೆ ಹುಟ್ಟಿದ ಮಗುವೇ ಇರಲಿಲ್ಲ. ಪಾದ್ರಿಯ ಮಕ್ಕಳನ್ನೂ ಭೂಮಿಗೆ ಇಳಿಸಿಕೊಂಡವಳು ಅವಳೇ. ಆದರೂ ಅವಳ ಜೊತೆ ಕೂತು ಒಂದು ತುಂಡು ರೊಟ್ಟಿ ತಿನ್ನಲು ಊರಿಗೆ ಅಪ್ಪಣೆ ಇರಲಿಲ್ಲ.

ಆದದ್ದಿಷ್ಟು. ಅವಳಿಗಿದ್ದ ಒಂದೇ ಕೂಸು ಶನಿವಾರ ಹುಟ್ಟಿ, ಭಾನುವಾರ ಹಣೆಗೆ ನೀರು ಹಾಕುವ ದೀಕ್ಷಾಸ್ನಾನಕ್ಕೆ ಮೊದಲೇ ಕಣ್ಣು ಮುಚ್ಚಿತು. ಹಿಂದೆಯೇ ಗಂಡನನ್ನೂ ಕಡಲು ನುಂಗಿತು. ನೀರು ಮುಟ್ಟದೆ ಹೋದ ಕೂಸುಗಳ ಗತಿ ಹೇಳಲಾಗದು ಎಂದು ಪಾದ್ರಿ ಬೋಧಿಸಿದ್ದೇ ತಡ, ಅಂದಿನಿಂದ ಯಾರ ಮಗುವಿನ ಹಣೆಗೆ ನೀರು ಹಾಕಿದರೂ ಕೆಜಿಯಾ ಎದ್ದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಬುದ್ಧಿ ಹೇಳಿದರು, ಗದರಿದರು, ಕೊನೆಗೆ ಚರ್ಚಿನ ಸಭೆಯಿಂದ ಹೊರಗೆ ಹಾಕಿದರು. ಹಾಗೆ ಹಾಕಿದವರ ಜೊತೆ ಸಭೆಯವರು ಉಣ್ಣುವಂತಿಲ್ಲ. ಪ್ರವಚನ ಕೇಳಲು ಮಾತ್ರ ಬರಬೇಕು, ಬಾಗಿಲ ಬಳಿಯ ಬೆಂಚಿಗೆ.

ಹಾಗೆಂದು ಹೆರಿಗೆ ನೋವು ಕಟ್ಟಳೆ ಕೇಳಿ ಬರುತ್ತದೆಯೇ? ಅವಳಿಗೆ ಕರೆ ಬರುತ್ತಲೇ ಇತ್ತು. ನೋವು ಶುರುವಾದೊಡನೆ ಮನೆಯವರು ಕಾಕಂಬಿ, ಶುಂಠಿ ಹಾಕಿದ ಕೇಕು ಬೇಯಲು ಇಡುತ್ತಾರೆ. ನರಳು ಕೇಕು ಎಂದೇ ಅದರ ಹೆಸರು. ಮಗು ಹುಟ್ಟಿದ ಮೇಲೆ ಹೆಂಗಸರೆಲ್ಲ ಬಾಣಂತಿಯ ಸುತ್ತ ಕೂತು ಅದನ್ನು ಹಂಚಿಕೊಂಡು ತಿಂದು, ಹರಟಿ, ನಗಬೇಕು. ಕೆಜಿಯಾಳ ತುಂಡನ್ನು ಮಾತ್ರ ಹೊರಗಡೆ ಕಿಟಕಿ ಕಟ್ಟೆಯ ಮೇಲೆ ಇಡುತ್ತಿದ್ದರು. ಒಳಗಿನ ನಗು ಕೇಳುತ್ತ ಅಂಗಳದಲ್ಲಿ ನಿಂತು ಅವಳು ತಿನ್ನುತ್ತಿದ್ದಳು. ಆ ನಗುವಿನ ನಡುವೆ ಒಂದು ಜಾಗ, ಅವಳಿಗೆ ಬೇಕಿದ್ದದ್ದು ಅಷ್ಟೇ.

"ತಪ್ಪಾಯ್ತು ಅಂತ ಒಂದ್ಸಲ ಅಂದ್ಬಿಡಮ್ಮ," ಎಂದು ಸಭೆಯ ಹಿರಿಯ ಒಬಡಯಾ ಅಂಗಲಾಚಿದ್ದ. ಒಳ್ಳೆಯ ಮನುಷ್ಯ, ಕಟ್ಟಳೆಗೆ ಹೆದರಿ ಬದುಕಿದವನು.

"ತಪ್ಪಾಯ್ತು ಅಂದ್ರೆ ನನ್ ಕೂಸಿಗೆ ದೇವ್ರಿಲ್ಲ ಅಂತ ಒಪ್ಕೊಂಡ ಹಾಗಲ್ವೇನಣ್ಣ? ಹೆತ್ತೋಳ ಬಾಯಲ್ಲಿ ಆ ಮಾತು ಬರಲ್ಲ."

ಆ ಚಳಿಗಾಲ ಒಬಡಯಾನ ಹೆಂಡತಿ ಹುಲ್ದಾಳಿಗೇ ನೋವು ಬಂತು. ಒಂದು ಕಾಲದಲ್ಲಿ ಕೆಜಿಯಾಳ ಜೀವದ ಗೆಳತಿ. ಮಗು ಅಡ್ಡ ತಿರುಗಿತ್ತು. ಬೆಳಗಿನಿಂದ ಸಂಜೆಯವರೆಗೆ ಒದ್ದಾಡಿ ಕೆಜಿಯಾ ತಾಯಿ, ಮಗು ಇಬ್ಬರನ್ನೂ ಉಳಿಸಿಕೊಂಡಳು. ಕೇಕು ಬಂದಾಗ ಅಭ್ಯಾಸಬಲದಿಂದ ಕೈ ತೊಳೆದು ಬಾಗಿಲ ಕಡೆ ಹೊರಟಳು.

"ಎಲ್ಲಿಗೇ ಹೊರಟೆ? ಕೂತ್ಕೋ ಇಲ್ಲಿ," ಎಂದಳು ಹುಲ್ದಾ, ಹಾಸಿಗೆ ತಟ್ಟಿ.

"ಸುಮ್ನಿರೇ. ನಿನ್ ಗಂಡ ಕೇಳಿಸ್ಕೊಂಡಾನು."

"ಕೇಳಿಸ್ಕೊಳ್ಳಲಿ. ಬಾಣಂತಿ ಕೋಣೆ ಹೊಸ್ತಿಲು ಯಾವ ಗಂಡಸು ದಾಟ್ತಾನೋ ನಾನೂ ನೋಡ್ತೀನಿ." ಹುಲ್ದಾ ತನ್ನ ತುಂಡನ್ನು ಮುರಿದು ಅರ್ಧವನ್ನು ಗೆಳತಿಯ ಕೈಗಿಟ್ಟಳು. "ಅವತ್ತು ನಿನ್ ಮಗೂನ ಕೊನೇಲಿ ಎತ್ಕೊಂಡಿದ್ದೋಳು ನಾನು ಕಣೇ. ದೇವ್ರು ಅದನ್ನ ಕೈಬಿಟ್ಟಿರಲ್ಲ. ಇಷ್ಟು ಹೇಳೋಕೆ ಇಷ್ಟು ವರ್ಷ ಹೆದರ್ಕೊಂಡಿದ್ದೆ."

ಕೆಜಿಯಾ ಅತ್ತಳು. ಅಳುತ್ತಲೇ ತಿಂದಳು. "ಕಣ್ಣೀರು ಬಿದ್ದು ಕೇಕು ಉಪ್ಪಾಯ್ತಲ್ಲೇ, ಇನ್ನೊಂದು ತುಂಡು ತಗೋ," ಎಂದು ಪಕ್ಕದ ಮುದುಕಿ ಅಂದಾಗ, ಬಾಯಿ ತುಂಬ ಕೇಕಿದ್ದ ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು.

ಗುಟ್ಟು ಎಷ್ಟು ದಿನ ನಿಂತೀತು? ಭಾನುವಾರದ ಹೊತ್ತಿಗೆ ಪಾದ್ರಿಯ ಕಿವಿ ಮುಟ್ಟಿತ್ತು.

"ಆಕೆ ಜೊತೆ ಕೂತು ತಿಂದೋರು ಯಾರ್ಯಾರು? ಬಾಯ್ಬಿಟ್ಟು ಹೇಳಿ!" ಎಂದು ಪೀಠದಿಂದ ಗುಡುಗಿದರು.

ಒಬಡಯಾ ತನ್ನ ಬೂಟು ನೋಡುತ್ತ ಕೂತ. ಹೆಂಗಸರ ಸಾಲು ಕೈಕಟ್ಟಿ ಕೂತಿತ್ತು. ಸಭೆಯಲ್ಲಿ ಹೆಂಗಸು ಬಾಯಿ ತೆರೆಯಬಾರದೆಂದು ವರ್ಷಗಟ್ಟಲೆ ಬೋಧಿಸಿದವರು ಪಾದ್ರಿಯೇ ತಾನೆ? ಅಂದು ಒಬ್ಬಳೂ ಆ ಬೋಧನೆ ಮೀರಲಿಲ್ಲ. ಎರಡು ತುಂಡು ತಿಂದಿದ್ದ ಪಾದ್ರಿಯ ಹೆಂಡತಿಯೂ ಮುಂದಿನ ಬೆಂಚಿನಲ್ಲಿ ಭಕ್ತಿಯಿಂದ ತಲೆ ತಗ್ಗಿಸಿದ್ದಳು.

ಕೆಜಿಯಾಳನ್ನು ಸಭೆ ಮತ್ತೆ ಸೇರಿಸಿಕೊಳ್ಳಲೇ ಇಲ್ಲ. ಸಾಯುವವರೆಗೂ ಅವಳಿಗೆ ಬಾಗಿಲ ಬಳಿಯ ಬೆಂಚೇ. ಆದರೆ ಊರಿನ ಯಾವ ಬಾಣಂತಿ ಮನೆಯಲ್ಲೂ ಮತ್ತೆಂದೂ ಅವಳ ತುಂಡನ್ನು ಕಿಟಕಿ ಕಟ್ಟೆಯ ಮೇಲೆ ಇಡಲಿಲ್ಲ.