ಕಾಲು ಕೇಳಿದವಳಿಗೆ ಹಲ್ಲು ತೋರಿಸಿದೆ

ದನದ ಸಂತೆಯ ದಲಾಲರಿಗೆ ಒಂದು ಚಾಳಿ ಇದೆ. ಗಿರಾಕಿ ಎತ್ತಿನ ಕಾಲು ನೋಡಲು ಬಗ್ಗಿದ ಕೂಡಲೇ ನಾವು ಅದರ ಬಾಯಿ ತೆರೆದು ಹಲ್ಲು ತೋರಿಸುತ್ತೇವೆ. "ನೋಡ್ರಿ ಸಾವಕಾರ್ರ, ನಾಕ್ ಹಲ್ಲು! ಹರೇದ ಎತ್ತು!" ಹಲ್ಲು ಸುಳ್ಳು ಹೇಳುವುದಿಲ್ಲ, ಎತ್ತು ಖರೆಯೇ ಹರೆಯದ್ದು. ಆದರೆ ಅವನು ನೋಡಬೇಕೆಂದದ್ದು ಕಾಲನ್ನು. ಸಂತೆಗೆ ಹೋಗುವವರಿಗೆ ನನ್ನದೊಂದು ಬುದ್ಧಿಮಾತು: ದಲಾಲ ಹಲ್ಲು ತೋರಿಸಿದರೆ ನೀವು ಮತ್ತೆ ಕಾಲಿಗೇ ಬಗ್ಗಿ.

ಮೂಡಲಗಿ ಸಂತೆಯಲ್ಲಿ ಬೇರೆಯವರ ದನದ ಹಗ್ಗ ಹಿಡಿದು ನಿಲ್ಲುವುದರಿಂದ ಶುರುಮಾಡಿ, ಗೋಕಾಕದಲ್ಲಿ ಸ್ವಂತ ಮನೆ ಕಟ್ಟುವವರೆಗೆ ಬೆಳೆದವನು ನಾನು. ಬೆಳೆದದ್ದು ಬಾಯಿಯಿಂದ. ಅದೇ ಬಾಯಿಯನ್ನು ದೇವರ ವಿಷಯಕ್ಕೂ ಬಳಸಿದೆ.

ನಮ್ಮದು ಕ್ರೈಸ್ತ ಮನೆತನ. ಚರ್ಚಿನ ಸಭೆಯಲ್ಲಿ ನಾನೊಬ್ಬ ಹಿರಿಯ. ಒಮ್ಮೆ ಪಾಸ್ಟರು ಒಂದು ಪುಸ್ತಕ ಕೊಟ್ಟರು. ದೇವರಿದ್ದಾನೆಂದು ತರ್ಕದಿಂದ ತೋರಿಸುವ ಪುಸ್ತಕ. ಕಾರಣವಿಲ್ಲದೆ ಏನೂ ಆಗುವುದಿಲ್ಲ, ಕಾರಣಗಳ ಸಾಲಿಗೊಂದು ಮೊದಲು ಇರಲೇಬೇಕು, ಹೀಗೆ. ಸಂತೆಗೆ ಹೋಗಿಬರುವ ಬಸ್ಸಿನಲ್ಲಿ ಮೂರು ಸಲ ಓದಿದೆ. ಇಷ್ಟು ಗಟ್ಟಿ ಮಾತು ಕೈಗೆ ಸಿಕ್ಕ ಮೇಲೆ ಸುಮ್ಮನಿರುವ ಜಾತಿಯೇ ನನ್ನದು? ಚಹಾದಂಗಡಿಯಲ್ಲಿ ಕೂತು ಇಬ್ಬರು ಮಾಸ್ತರರನ್ನು ಮಾತಿನಲ್ಲಿ ಮಣಿಸಿದೆ.

ಆ ವರ್ಷವೇ ಯಮಕನಮರಡಿಯಲ್ಲಿರುವ ನನ್ನ ತಂಗಿಯ ಗಂಡ ತೀರಿಕೊಂಡ. ಲಾರಿ ಓಡಿಸುತ್ತಿದ್ದ. ಹೆದ್ದಾರಿಯಲ್ಲಿ ಲಾರಿ ಉರುಳಿತು. ಮಣ್ಣಾದ ಮೇಲೆ ತಂಗಿ ಸಭೆಗೆ ಬರುವುದನ್ನೂ ಪ್ರಾರ್ಥನೆಯನ್ನೂ ಬಿಟ್ಟಳು. "ಹೋಗಿ ಕರಕೊಂಡ ಬರ್ರಿ. ನಿಮ್ಮ ಬಾಯಿಗೆ ಯಾರ್ ಒಲ್ಲೆ ಅಂತಾರ?" ಎಂದರು ಉಳಿದ ಹಿರಿಯರು. ನಾನು ಹಿಗ್ಗಿದೆ.

ತಂಗಿ ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ನೀರು ಕುಡಿಯುವ ಮೊದಲೇ ಶುರುಮಾಡಿದೆ.

"ನೋಡವಾ, ಒಂದು ಬಂಡಿ ರಸ್ತಾದಾಗ ಹೊಂಟೈತಿ ಅಂತ ತಿಳಿ. ತಾನಾಗೇ ಹೊಂಟೀತೇನು? ಎತ್ತು ಬೇಕು. ಎತ್ತಿನ ಹಿಂದ ಹೊಡಿಯಾಂವ ಬೇಕು. ಹೌದಿಲ್ಲೋ? ಹಂಗ ಈ ಲೋಕಕ್ಕೂ..."

ಅವಳ ಕೈ ಮೊರದ ಮೇಲೆ ನಿಂತಿತು. "ಹೊಡಿಯಾಂವ ಇಲ್ಲ ಅಂತ ನಾ ಯಾವಾಗ ಅಂದೆ, ಅಣ್ಣಾ? ಬಂಡಿ ಉರುಳಿ ನನ್ನ ಮ್ಯಾಲ ಬಿದ್ದೈತಿ. ಅಂವ ಯಾಕ ಇಳದು ಬರಲಿಲ್ಲ? ಅದನ್ನ ಹೇಳು."

ಗಂಡ ಲಾರಿಯಡಿ ಸತ್ತವಳ ಮುಂದೆ ಬಂಡಿಯ ಉದಾಹರಣೆ! ಆಗಲಾದರೂ ನಾಚಬೇಕಿತ್ತು. ನಾನು ಪುಸ್ತಕದ ಎರಡನೆಯ ಮಾತಿಗೆ ಹಾರಿದೆ, ಆಮೇಲೆ ಮೂರನೆಯದಕ್ಕೆ. ಅವಳು ಕಾಲು ಕೇಳುತ್ತಿದ್ದಳು, ನಾನು ಹಲ್ಲು ತೋರಿಸುತ್ತಿದ್ದೆ. ಹೊತ್ತು ಏರಿತು. ಕೊನೆಗೆ ಸಂತೆಯಲ್ಲಿ ಮಾಡುವಂತೆ ಅಂಗೈ ಚಾಚಿದೆ.

"ಬರೋ ಐತವಾರದಿಂದ ತಪ್ಪದ ಸಭೆಗೆ ಬರತೀನಿ ಅಂತ ಕೈ ಹಾಕು."

"ಕೈ ಹಾಕಿದ್ರ ಬಾಯಿ ಮುಚ್ಚತಿ?"

"ಮುಚ್ಚತೀನಿ."

ಹಾಕಿದಳು. ನಮ್ಮಲ್ಲಿ ಕೈ ಮೇಲೆ ಕೈ ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಮಾತು ತಪ್ಪುವುದಿಲ್ಲ. ದಲಾಲನ ತಂಗಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಐತವಾರ ಬಂದಳು. ನಾನು ಎದ್ದು ನಿಂತು, ತರ್ಕದ ಮುಂದೆ ಅವಿಶ್ವಾಸ ಹೇಗೆ ಸೋಲುತ್ತದೆಂದು ಎಲ್ಲರಿಗೂ ಹೇಳಿದೆ. ಅಷ್ಟಕ್ಕೆ ಬಿಡದೆ, "ಈಗ ನನ್ನ ತಂಗಿ ಸಾಕ್ಷಿ ಹೇಳತಾಳ" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ನಿಂತಳು. "ಅಣ್ಣನ ಕೈ ಮ್ಯಾಲ ಕೈ ಹಾಕಿದ್ದೆ, ಅದಕ್ಕ ಬಂದೀನ್ರಿ. ದೇವರ ಕೂಡ ನಾ ಇನ್ನೂ ಮಾತಾಡಿಲ್ಲ." ಕುಳಿತಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪಾಸ್ಟರು ಹಾಡಿನ ಪುಸ್ತಕ ತೆರೆದರು. ಯಾವ ಹಾಡು ಹಾಡಿದರೋ ನನಗೆ ಗೊತ್ತಿಲ್ಲ, ಚಪ್ಪಲಿ ಬಿಟ್ಟ ಬಾಗಿಲನ್ನೇ ನೋಡುತ್ತ ಕುಳಿತಿದ್ದೆ.

ಆಮೇಲೆ ನಾಲ್ಕು ಐತವಾರ ಅವಳು ಬಂದಳು, ಕೊಟ್ಟ ಮಾತಿಗಾಗಿ. ಬಾಯಿ ತೆರೆಯದೆ ಕೂತು ಎದ್ದುಹೋಗುತ್ತಿದ್ದಳು. ಐದನೆಯದಕ್ಕೆ ಮೊದಲು ನಾನೇ ಯಮಕನಮರಡಿಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ: "ಕೈ ಬಿಟ್ಟೀನವಾ. ಸವದಾ ಮುರೀತು. ಬರಬೇಕಂತಿಲ್ಲ." ದಲಾಲನಾಗಿ ನಾನು ಕೈಯಾರೆ ಮುರಿದ ವ್ಯಾಪಾರ ಅದೊಂದೇ.

"ಅಂವ ಯಾಕ ಇಳದು ಬರಲಿಲ್ಲ?" ಮತ್ತೆ ಅದನ್ನೇ ಕೇಳಿದಳು.

"ನನಗ ಗೊತ್ತಿಲ್ಲ."

"ಪುಸ್ತಕದಾಗ ಇಲ್ಲೇನು?"

"ಹೊಡಿಯಾಂವ ಇದ್ದಾನ ಅನ್ನೂತನಕ ಐತಿ. ಮುಂದಿಂದು ನನಗ ತಿಳಿದಿಲ್ಲ."

ತರ್ಕವನ್ನು ನಾನು ಈಗಲೂ ಬಿಟ್ಟಿಲ್ಲ. ಆ ಪುಸ್ತಕದ ಮಾತು ಸುಳ್ಳೆಂದೂ ಅನಿಸಿಲ್ಲ. ಆದರೆ ಬುದ್ಧಿ ಇದ್ದವರು ಎದುರಿನವರು ಏನು ಕೇಳಿದರೆಂದು ಮೊದಲು ಕೇಳಿಸಿಕೊಳ್ಳಬೇಕು. ಇಷ್ಟು ತಿಳಿಯಲು ನನ್ನಂಥ ಶಾಣ್ಯಾನಿಗೆ ತಂಗಿಯ ಐದು ವಾರಗಳು ಬೇಕಾದವು.

ಅವಳು ತಾಟಿಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯೆ ಹಾಕಿದಳು. ಊಟದ ಪ್ರಾರ್ಥನೆ ಯಾವಾಗಲೂ ನನ್ನದೇ. ಕಣ್ಣು ಮುಚ್ಚಿದೆ.

"ತಡಿ ಅಣ್ಣಾ. ಇವತ್ತ ನಾ ಮಾಡತೀನಿ." ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, ಜಗಳದ ದನಿಯಲ್ಲಿ, "ಕರ್ತಾ, ನೀ ಯಾಕ ಬರಲಿಲ್ಲ?" ಎಂದಳು.

ಅಷ್ಟೇ. ಮುಂದೆ ಏನೂ ಇರಲಿಲ್ಲ. ನನ್ನ ನಾಲಿಗೆಯ ತುದಿಗೆ ಒಂದು ಉತ್ತರ ಬಂದಿತ್ತು, ಈಗಲೂ! ಅದನ್ನು ನುಂಗಿಕೊಂಡು, "ಆಮೆನ್" ಎಂದೆ.