ಸುಮಿತ್ರವ್ವನ ಬಿಚ್ಚುಗೂದಲು

ಲಿಯಾಂಡರಿನ ಸುಮಿತ್ರವ್ವನ ಜೋಳದ ರೊಟ್ಟಿ ತಿನ್ನದ ಕನ್ನಡದವರು ಅಮೆರಿಕದ ಆಸ್ಟಿನ್ನಿನ ಸುತ್ತಮುತ್ತ ಸಿಗುವುದು ಕಷ್ಟ. ಗದಗಿನಿಂದ ಬಂದು ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದು ಬಡಿದು ಆಕೆಯ ಬಲಭುಜ ಸೋತಿತ್ತು. ಕೈ ತಲೆಯ ಹಿಂದಕ್ಕೆ ಹೋಗುತ್ತಿರಲಿಲ್ಲ. ಆದರೂ ಮೊಣಕಾಲು ಮುಟ್ಟುವ ಕೂದಲಿಗೆ ಕತ್ತರಿ ತಾಗಿಸಲು ಆ ಹಟಮಾರಿ ಒಪ್ಪಿದವಳಲ್ಲ. ಶುಕ್ರವಾರ ಎಣ್ಣೆ ಹಚ್ಚಿ ಎರೆದುಕೊಂಡ ಮೇಲೆ ಹೆಳಲು ಹಾಕುವುದು ಒಂಬತ್ತು ವರ್ಷದ ಮೊಮ್ಮಗಳು ನಿಶಿತಾಳ ಕೆಲಸ. ಅಜ್ಜಿ ವಾರವೆಲ್ಲ ಕಾಯುತ್ತಿದ್ದುದು ಆ ಅರ್ಧ ಗಂಟೆಗಾಗಿ.

ಹೀಗಿರುವಾಗ ನಿಶಿತಾ ಗೆಳತಿಯ ಮನೆಯಲ್ಲಿ ದೆವ್ವದ ಸಿನಿಮಾ ನೋಡಿದಳು. ಜಪಾನಿನ ಹಳೆಯ ದೆವ್ವದ ಕಥೆಗಳನ್ನು ಹಿಡಿದು ಮಾಡಿದ ಸರಣಿಯಂತೆ, ಆಗಲೇ ಆರು ಭಾಗ ಬಂದಿವೆಯಂತೆ. ಎಲ್ಲದರಲ್ಲೂ ಬಿಳಿ ಬಟ್ಟೆಯ ಹೆಂಗಸೊಬ್ಬಳು ಮುಖದ ಮೇಲೆ ಕೂದಲು ಚೆಲ್ಲಿಕೊಂಡು ಬರುತ್ತಾಳೆ. ಮರುದಿನವೇ ಶುಕ್ರವಾರ. ಹುಡುಗಿ ಮನೆಗೆ ಬಂದು ನೋಡಿದರೆ, ಅಜ್ಜಿ ಬಿಳಿ ನೈಟಿ ತೊಟ್ಟು, ತಲೆ ಬಾಗಿಸಿ, ಕೂದಲೆಲ್ಲ ಮುಂದಕ್ಕೆ ಇಳಿಬಿಟ್ಟು ಲೋಬಾನದ ಹೊಗೆ ಹಿಡಿಸಿಕೊಳ್ಳುತ್ತಿದ್ದಾಳೆ! ಆ ಕಿರುಚಾಟಕ್ಕೆ ಪಕ್ಕದ ಮನೆಯ ನಾಯಿಯೂ ಬೊಗಳಿತು.

ಅಂದಿನಿಂದ ನಿಶಿತಾ ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಹುಡುಗಿ ಬಾರದೆ ಹೆಳಲಿಲ್ಲ. ಹೆಳಲಿಲ್ಲದ ಅಜ್ಜಿಯ ಹತ್ತಿರ ಹುಡುಗಿ ಬರುವುದಿಲ್ಲ.

"ನಾ ಹಾಕ್ತೀನಿ ಬಾ ಯವ್ವಾ. ಇಲ್ಲಾಂದ್ರ ಕಟ್ ಮಾಡಿಸಿಬಿಡು," ಎಂದಳು ಮಗಳು ನೇಹಾ.

"ಹಾಕಾಕಿನ ಹಾಕ್ಲಿ," ಎಂದು ಮುದುಕಿ ಮುಖ ತಿರುಗಿಸಿದಳು. ಬಚ್ಚಲಿಗೆ ಹೋಗಿ ಅತ್ತಳು ಕೂಡ.

ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, "ಆ ಸಿನಿಮಾ ನನಗೂ ಹಚ್ಚಿಕೊಡು," ಎಂದು ನೇಹಾಳ ಮುಂದೆ ಕೂತಳು. ನಿಶಿತಾ ದೂರದ ಸೋಫಾದಲ್ಲಿ ದಿಂಬಿನ ಹಿಂದೆ ಅಡಗಿದ್ದಳು. ಪರದೆಯ ಮೇಲೆ ದೆವ್ವ ಸೇತುವೆಯ ಕೆಳಗಿಂದ ಮೆಲ್ಲಗೆ ಎದ್ದುಬಂತು.

"ಅಯ್ಯ ನಮ್ಮವ್ವಾ!" ಸುಮಿತ್ರವ್ವನ ಕಣ್ಣು ತುಂಬಿದವು. "ಎಣ್ಣಿ ಕಂಡು ಎಷ್ಟ್ ದಿನಾ ಆತೋ ಆ ತಲಿ. ಪಾಪ, ಹಿಕ್ಕಾಕ ಆಕಿಗೆ ಯಾರೂ ಇಲ್ಲ ನೋಡು."

ದಿಂಬು ಸ್ವಲ್ಪ ಕೆಳಗಿಳಿಯಿತು. "ನೋ ಒನ್? ಅವಳ ಮನೇಲೂ?"

"ಇದ್ದಿದ್ರ ಹಿಂಗ್ಯಾಕ ತಿರಗ್ತಿದ್ಲು?"

ಸಿನಿಮಾ ಇನ್ನೂ ಮುಗಿದಿರಲಿಲ್ಲ. ನಿಶಿತಾ ಎದ್ದು ಹಣಿಗೆ ತಂದಳು. ಅಜ್ಜಿಯ ಮುಖದ ಮೇಲಿನ ಕೂದಲು ಸರಿಸಿ, ಒಳಗಿರುವುದು ಅಜ್ಜಿಯೇ ಎಂದು ಖಾತ್ರಿ ಮಾಡಿಕೊಂಡು, ಹಿಂದೆ ಕೂತಳು.

ಹೆಳಲು ಸೊಟ್ಟಗಾಯಿತು. ಸುಮಿತ್ರವ್ವ ಅದನ್ನು ಮುಂದಿನ ಶುಕ್ರವಾರದವರೆಗೆ ಬಿಚ್ಚಲಿಲ್ಲ.