ಲಂಡನ್ನಿನಲ್ಲಿ ಉದುರು ಮೆಣಸು

ಬಳ್ಳಿಯಿಂದ ಕಾಳುಮೆಣಸು ಕೊಯ್ದು ಮುಗಿದ ಮೇಲೂ ಮರದ ಬುಡದ ತರಗೆಲೆಗಳ ನಡುವೆ ಒಂದಿಷ್ಟು ಕಾಳು ಉದುರಿ ಉಳಿದಿರುತ್ತದೆ. ಹೆಗ್ಗದ್ದೆಯ ನಮ್ಮ ಮನೆಯಲ್ಲಿ ಅದು ಹೆಂಗಸರ ಪಾಲು. ಅದರಿಂದ ಎಷ್ಟು ಬಂತು, ಬಂದದ್ದು ಏನಾಯಿತು ಎಂದು ಗಂಡಸರು ಕೇಳುವಂತಿಲ್ಲ. ನಮ್ಮತ್ತೆ ನಲವತ್ತು ವರ್ಷ ಹೀಗೆ ಕಾಳು ಆಯ್ದಿದ್ದಾರೆ. ಆದರೆ ನಂಬಿ ಮಿತ್ರರೇ, ಆ ಸರ್ವಸ್ವತಂತ್ರ ಸಂಪತ್ತಿನಲ್ಲಿ ತಮಗೆಂದು ಒಂದು ಹೇರ್‌ಪಿನ್ನನ್ನೂ ಕೊಂಡವರಲ್ಲ. ಮಗಳ ಬಳೆ, ಮೊಮ್ಮಕ್ಕಳ ಸೈಕಲ್ಲು, ಮದುವೆಯಾದ ಮೇಲೆ ನಾನು ಓದಿದ ಬಿ.ಎಡ್.ನ ಫೀಸು, ಎಲ್ಲಕ್ಕೂ ಆ ಕಾಳೇ ಆಗಿಬಂತು.

ಹೋದ ಬೇಸಿಗೆಯಲ್ಲಿ ಅತ್ತೆ, ನಾನು ಇಬ್ಬರೇ ಟೂರಿನವರ ಗುಂಪಿನಲ್ಲಿ ಲಂಡನ್ನಿಗೆ ಹೊರಟೆವು. ವಿಮಾನ, ಹೋಟೆಲು, ಬೆಳಗಿನ ತಿಂಡಿ ನನ್ನ ಮೇಷ್ಟ್ರಗಿರಿಯ ಉಳಿತಾಯದಲ್ಲಿ. ಕೈಖರ್ಚಿಗೆ ಅತ್ತೆ ಆ ವರ್ಷದ ಮೆಣಸಿನ ದುಡ್ಡನ್ನು ಪೌಂಡು ಮಾಡಿಸಿಕೊಂಡರು. ಅದು ಅವರಿಗೋಸ್ಕರವೇ ಖರ್ಚಾಗಬೇಕೆಂದು ನಾನು ಮೊದಲೇ ಮಾತು ತೆಗೆದುಕೊಂಡಿದ್ದೆ. ಹೂಂ ಅಂದಿದ್ದರು. ಆ ಹೂಂ ಎಷ್ಟು ಗಟ್ಟಿ ಎಂಬುದೇ ಇಡೀ ಪ್ರವಾಸದಲ್ಲಿ ನನ್ನನ್ನು ಕಾಡಿದ ಚಿಂತೆ.

ಪರದೇಶದ ಮಹಾನಗರಕ್ಕೆ ಹೊರಟವರಿಗೆ ಹೋಗಿಬಂದವರು ತಪ್ಪದೆ ಹೇಳುವ ಬುದ್ಧಿಮಾತೊಂದಿದೆ: ಅಲ್ಲಿನ ಬೆಲೆಯನ್ನು ರೂಪಾಯಿಗೆ ತಿರುಗಿಸಬೇಡಿ, ಹೊಟ್ಟೆ ಉರಿಯುತ್ತದೆ. ಅತ್ತೆ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ರೂಪಾಯಿಗಲ್ಲ, ಮೆಣಸಿಗೆ ತಿರುಗಿಸಿದರು. ಬಸ್ಸು ಹತ್ತಿದರೆ ಕಾಲು ಕೇಜಿ, ಒಂದು ಲೋಟ ಟೀ ಅರ್ಧ ಕೇಜಿ, ನದಿಯ ದಂಡೆಯ ದೊಡ್ಡ ಚಕ್ರದಲ್ಲಿ ಒಂದು ಸುತ್ತು ಬರಲು ತಲೆಗೆ ಐದು ಕೇಜಿ.

“ಐದು ಕೇಜಿ ಆಯೋಕೆ ಎಷ್ಟು ಬುಡ ಸುತ್ಬೇಕು ಗೊತ್ತೇನೇ ನಿಂಗೆ? ಇಲ್ಲಿಂದ್ಲೇ ಚೆಂದಾಗಿ ಕಾಣ್ತೈತಲ್ಲ, ಸಾಕು ಬಾ.”

ಹೀಗಾಗಿ ನಾವು ಹೋಟೆಲಿನ ತಿಂಡಿಯ ಬಾಳೆಹಣ್ಣನ್ನು ಬ್ಯಾಗಿಗೆ ಸೇರಿಸಿಕೊಂಡು, ನಲ್ಲಿಯ ನೀರು ಬಾಟಲಿಗೆ ತುಂಬಿಕೊಂಡು, ಆ ಮಹಾನಗರವನ್ನು ಕಾಲ್ನಡಿಗೆಯಲ್ಲೇ ಅಳೆದೆವು. ಅಂಗಡಿಯೊಂದರಲ್ಲಿ ಬೆರಳುದ್ದದ ಶೀಶೆಯೊಳಗೆ ಕಾಳುಮೆಣಸನ್ನೂ ಅದರ ಬೆಲೆಯನ್ನೂ ಕಂಡಾಗ ಮಾತ್ರ ಅವರ ಮುಖ ಅರಳಿತು. “ನೋಡೇ, ಇವ್ರ ಲೆಕ್ಕದಲ್ಲಿ ನಾವು ಭಾರೀ ಸಾವ್ಕಾರ್ರು ಕಣೇ!” ಎಂದು ನಡುಅಂಗಡಿಯಲ್ಲಿ ನಕ್ಕರು. ನಕ್ಕರೇ ಹೊರತು ಪರ್ಸಿನ ಜಿಪ್ಪು ತೆಗೆಯಲಿಲ್ಲ.

ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಖರ್ಚಿನ ಪಟ್ಟಿ ಬರೆಯುವಾಗ ನಾವು ನಮಗೆ ಬೇಕಾದವರ ಹೆಸರುಗಳನ್ನೇ ಒಂದೊಂದಾಗಿ ಬರೆಯುತ್ತಿರುತ್ತೇವೆ. ಅತ್ತೆಯಂಥವರು ಆ ಪಟ್ಟಿಯಲ್ಲಿ ತಮ್ಮ ಹೆಸರು ಬರೆಯುವುದನ್ನೇ ಮರೆತಿರುತ್ತಾರೆ, ಉಳಿದ ನಾವು ಅದನ್ನು ಅವರ ಒಳ್ಳೆಯತನವೆಂದು ಹೊಗಳಿ ನಮ್ಮ ಪಾಲು ಪಡೆದು ಸುಮ್ಮನಿರುತ್ತೇವೆ. ಬಿ.ಎಡ್. ಫೀಸು ಪಡೆದವಳು ನಾನೇ ತಾನೆ? ನಾಚಿಕೆಯಾಯಿತು.

ಕೊನೆಯ ದಿನ ಮಧ್ಯಾಹ್ನ ನದಿಯ ಪಕ್ಕ ನಡೆಯುತ್ತಿದ್ದಾಗ, ಎದುರು ಕೂತವರ ಮುಖವನ್ನು ಪೆನ್ಸಿಲಿನಲ್ಲಿ ಬರೆದುಕೊಡುವ ಮುದುಕನೊಬ್ಬ ಕಂಡ. ಅತ್ತೆ ನಿಂತರು. ಒಂದು ಚಿತ್ರ ಮುಗಿಯುವವರೆಗೂ ಕಣ್ಣು ಕೀಳದೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು, ಸ್ವೆಟರಿನ ಗುಂಡಿ ಹಾಕಿ, ನನ್ನನ್ನೊಂದು ಮಾತೂ ಕೇಳದೆ ಹೋಗಿ ಖಾಲಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಐದು ದಿನದ ಸಹವಾಸದೋಷ ನೋಡಿ, ಬೋರ್ಡಿನ ಬೆಲೆ ಓದಿ ಬೆಚ್ಚಿಬಿದ್ದವಳು ನಾನು.

“ಅತ್ತೆ, ಐದು ಕೇಜಿ!”

“ಆಗ್ಲಿ ಬುಡೇ. ಆಯ್ದೋಳು ನಾನಲ್ವಾ?”

ಆಗ ಆದ ಸಂತೋಷವನ್ನು ಹೇಗೆ ಹೇಳಲಿ! ಓಡಿಹೋಗಿ ಪಕ್ಕದಲ್ಲಿ ನಿಂತು, ಅವರ ಹೆಗಲ ಮೇಲೆ ಕೈಹಾಕಿ, ನಾನೂ ಚಿತ್ರಕ್ಕೆ ಮುಖ ಕೊಟ್ಟೆ. ನಮ್ಮ ಮನೆಯ ಅಷ್ಟೂ ಫೋಟೋಗಳಲ್ಲಿ ಅತ್ತೆ ಯಾರದೋ ಮಗುವನ್ನು ಎತ್ತಿಕೊಂಡೋ, ಯಾರದೋ ಹಿಂದೆ ಅರ್ಧ ಮರೆಯಾಗಿಯೋ ನಿಂತವರು. ಅವರು ನನ್ನ ಕೈಯನ್ನು ಹಿಡಿದು ಮೆತ್ತಗೆ ಕೆಳಗಿಳಿಸಿದರು.

“ನೀನು ಆ ಕಡೆ ನಿಂತ್ಕೊ ಮಾರಾಯ್ತಿ. ಇದ್ರಲ್ಲಿ ನಾನೊಬ್ಳೇ ಇರ್ಲಿ.”